ಪೆನಿನಾಳ ಊಟ ಮುಗಿಯುವವರೆಗೆ

ಮಗಳು ಚೆನ್ನಾಗಿದ್ದಾಳೆ ಎಂದು ಬರೆದುಬಿಟ್ಟರು. ಅದಕ್ಕೇ ಮಗಳಿಗೆ ಸಿಗುತ್ತಿದ್ದ ಸಹಾಯ ನಿಂತುಹೋಯಿತು.

ಈ ಸುದ್ದಿ ಲೆಪೆಕಾಳಿಗೆ ಮುಟ್ಟಿದ್ದು ಕೋಳಿ ಕಾರ್ಖಾನೆಯ ಹಿಂಬಾಗಿಲಲ್ಲಿ, ಟೀ ಬಿಡುವಿನ ಹೊತ್ತಿನಲ್ಲಿ. ಬೆಳಗಿನ ಜಾವದಿಂದ ನಿಂತು ರೆಕ್ಕೆ ಕತ್ತರಿಸಿದ್ದಳು. ಕೋಳಿಗಳು ಕೊಕ್ಕೆಯಲ್ಲಿ ತಲೆಕೆಳಗಾಗಿ ನೇತಾಡುತ್ತ ಬರುತ್ತವೆ. ಎಡಗೈಯಲ್ಲಿ ರೆಕ್ಕೆ ಹಿಡಿಯಬೇಕು, ಬಲಗೈಯ ಚಾಕುವನ್ನು ಕೀಲಿಗೆ ಹಾಕಬೇಕು, ತಿರುವಬೇಕು, ಎಳೆಯಬೇಕು. ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಸಾಲು ನಿಲ್ಲುವುದಿಲ್ಲ. ಕೆಮ್ಮು ಬಂದರೂ ನಿಲ್ಲುವುದಿಲ್ಲ, ಮುಟ್ಟಾದರೂ ನಿಲ್ಲುವುದಿಲ್ಲ. ಒಳಗೆ ಮೂಳೆ ಕೊರೆಯುವ ಚಳಿ. ಹೊರಗೆ ಲೋಗನ್ ಪಟ್ಟಣದ ಬಿಸಿಲಿಗೆ ಬಂದರೆ ಬೆರಳುಗಳಿಗೆ ಜೀವ ಬರುವಷ್ಟರಲ್ಲಿ ಬಿಡುವೇ ಮುಗಿದಿರುತ್ತದೆ. ಅವತ್ತು ಫೋನಿನ ಗಾಜು ಒತ್ತಿದರೆ ಅವಳ ಬೆರಳು ಬೆರಳೆಂದು ಅದಕ್ಕೆ ಗೊತ್ತಾಗಲಿಲ್ಲ. ಮೂಗಿನ ತುದಿಯಿಂದ ಒತ್ತಿ ಕರೆ ತೆಗೆದುಕೊಂಡಳು.

ಆ ಕಡೆ ಬ್ರಿಜೆಟ್. ಮಗಳಿಗೆ ಥೆರಪಿ ಮಾಡುವ ಹುಡುಗಿ.

"ಲೆಪೆಕಾ, ಕೂತ್ಕೊಂಡಿದೀರಾ?"

"ನಿಂತಿದೀನಿ. ಕೂತ್ರೆ ಮತ್ತೆ ಏಳೋಕಾಗಲ್ಲ. ಏನು ಹೇಳಮ್ಮ."

"ಪೆನಿನಾ ಥೆರಪಿ ನಿಲ್ಸಿಬಿಟ್ರು. ಆವತ್ತು ನಿಮ್ಮನೆಗೆ ನೋಡೋಕೆ ಬಂದಿದ್ರಲ್ಲ ಜಾನಿಸ್, ಅವರ ವರದಿ ಬಂದಿದೆ. ಮಗು ತಾನೇ ಬಟ್ಟೆ ಹಾಕ್ಕೊಳ್ಳತ್ತೆ, ತಾನೇ ಊಟ ಮಾಡತ್ತೆ, ಹೇಳಿದ ಕಡೆ ಸುಮ್ನೆ ಕೂರತ್ತೆ, ಇನ್ನು ಥೆರಪಿ ಬೇಡ ಅಂತ ಇದೆ. ಯಾರು ಹೇಳಿದ್ದು ಇದನ್ನೆಲ್ಲ?"

ಲೆಪೆಕಾ ಬಿಳಿ ಬೂಟಿಗೆ ಅಂಟಿದ್ದ ಕೋಳಿ ಕೊಬ್ಬನ್ನು ನೋಡುತ್ತ ನಿಂತಳು.

"ನಾವೇ," ಎಂದಳು.

ಗಂಟೆ ಹೊಡೆಯಿತು. ಒಳಗೆ ಹೋಗಿ ಮತ್ತೆ ಚಾಕು ಹಿಡಿದಳು.

ಪೆನಿನಾಳಿಗೆ ಎಂಟು ವರ್ಷ. ಬುದ್ಧಿ ಚುರುಕು, ಮಾತು ಅರಳು ಹುರಿದ ಹಾಗೆ. ಕೈಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ಚಮಚ ಬಾಯಿಗೆಂದು ಹೊರಟು ಕೆನ್ನೆಗೆ ಹೋಗುತ್ತದೆ. ಗುಂಡಿ ಹಾಕಲು ಬೆರಳು ಒಟ್ಟಿಗೆ ಬರುವುದಿಲ್ಲ. ಕುರ್ಚಿಯಲ್ಲಿ ಕೂತವಳು ಇದ್ದಕ್ಕಿದ್ದಂತೆ ಕೆಳಗಿರುತ್ತಾಳೆ. ಕಕ್ಕಸಿಗೆ ಹೋದರೆ ತೊಳೆದುಕೊಳ್ಳಲು ಬರುವುದಿಲ್ಲ. ಶಾಲೆಯಲ್ಲಿ ಮೊದಲ ವರ್ಷ ಸೋಮಾರಿ ಎಂದರು. ಎರಡನೆಯ ವರ್ಷ ಮೊಂಡಿ ಎಂದರು. ಆಮೇಲೆ ಒಬ್ಬ ಡಾಕ್ಟರು ಇವಳ ಮಿದುಳಿನ ಮಾತು ಕೈಗೆ ಸರಿಯಾಗಿ ತಲುಪುವುದಿಲ್ಲ, ಇದಕ್ಕೆ ಆಕ್ಯುಪೇಷನಲ್ ಥೆರಪಿ, ಅಂದರೆ ದಿನದ ಕೆಲಸಗಳನ್ನು ಕೈಗೆ ಕಲಿಸುವ ಚಿಕಿತ್ಸೆ, ಬೇಕು ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ವರ್ಷದ ಮೇಲೆ ಕಾದರು. ಕಾಯುವುದು ಆ ಬೀದಿಯವರಿಗೆ ಹೊಸದಲ್ಲ ಬಿಡಿ. ಲೆಪೆಕಾಳ ಗಂಡ ಇಯೊಸೆಫಾ ದೂರದ ಗಣಿಯಲ್ಲಿ ದುಡಿಯುತ್ತಾನೆ, ಅವನು ಮನೆಗೆ ಬರುವುದನ್ನೂ ಕಾಯಬೇಕು.

ಸರದಿ ಬಂದ ದಿನ ಲೆಪೆಕಾ ಏನೇನೋ ಅಂದುಕೊಂಡು ಹೋಗಿದ್ದಳು. ಯಂತ್ರ ಇರುತ್ತದೆ, ಕೈಗೆ ಎಣ್ಣೆ ತಿಕ್ಕುತ್ತಾರೆ, ಔಷಧಿ ಕೊಡುತ್ತಾರೆ. ಹೋಗಿ ನೋಡಿದರೆ ಒಂದು ಉಯ್ಯಾಲೆ, ನಾದಿದ ಹಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ನೆಲದ ಮೇಲೆ ಮೆತ್ತೆ. ಬ್ರಿಜೆಟ್ ಕೆಂಪು ಕೂದಲಿನ ಸಣಕಲ ಹುಡುಗಿ. ಅವಳು ಮೊದಲು ಕೇಳಿದ್ದು ಇಷ್ಟು:

"ಮನೇಲಿ ಯಾವುದೊಂದು ಸರಿಹೋದ್ರೆ ನಿಮಗೆ ಜೀವ ಹಗುರಾಗತ್ತೆ?"

ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ.

"ಅವಳ ಊಟ ಅವಳೇ ಮಾಡ್ಲಿ. ಅಷ್ಟು ಸಾಕು ತಾಯಿ."

"ಹಾಗಾದ್ರೆ ಅಲ್ಲಿಂದ್ಲೇ ಶುರು ಮಾಡೋಣ. ಆದ್ರೆ ಒಂದು ಮಾತು. ನಾನು ಗುಣ ಮಾಡ್ತೀನಿ ಅಂತ ಹೇಳಲ್ಲ. ಮೆಲ್ಲಗೆ ಆಗತ್ತೆ. ಕೆಲವು ವಾರ ಏನೂ ಆಗಲ್ಲ, ಜ್ವರಗಿರ ಬಂದ್ರೆ ಕಲ್ತದ್ದೂ ಹಿಂದೆ ಹೋಗತ್ತೆ. ಅರ್ಧ ಕೆಲಸ ಇಲ್ಲಿ, ಅರ್ಧ ನಿಮ್ಮನೇಲಿ. ನೀವು ಬೇಜಾರು ಮಾಡ್ಕೊಂಡ್ರೆ ಅವಳೂ ಕೈಬಿಡ್ತಾಳೆ."

ಆಟ ಆಡಿಸಿದ ಹಾಗೇ ಕಾಣುತ್ತಿತ್ತು. ಹಿಟ್ಟು ಉರುಟಿಸಿದರೆ ಬೆರಳಿಗೆ ಬಲ. ಉಯ್ಯಾಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿಸಿ ತೂಗಿದರೆ ಬೆನ್ನಿಗೆ ಬಲ. ದಪ್ಪ ಹಿಡಿಯ, ಬಾಗಿದ ಒಂದು ಚಮಚ ಕೊಟ್ಟಳು, ಕೂರಲು ಓರೆ ಮೆತ್ತೆ ಕೊಟ್ಟಳು. ಕೆಲಸದಿಂದ ಬಂದು ಲೆಪೆಕಾ, ತನ್ನ ಜೋಮು ಹಿಡಿದ ಕೈಯನ್ನು ಮಗಳ ಕೈಯ ಮೇಲಿಟ್ಟು, ಬಟ್ಟಲಿಂದ ಬಾಯಿಗೆ, ಬಟ್ಟಲಿಂದ ಬಾಯಿಗೆ ಎಂದು ಕಲಿಸಿದಳು. ಎರಡೂ ಕೈಗೆ ಸ್ಪರ್ಶ ಸರಿಯಿಲ್ಲ. ಆದರೂ ವರ್ಷ ತುಂಬುವ ಹೊತ್ತಿಗೆ ಪೆನಿನಾ ಅರ್ಧ ಬಟ್ಟಲು ತಾನೇ ತಿನ್ನುತ್ತಿದ್ದಳು. ಅವತ್ತು ಲೆಪೆಕಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಅತ್ತೆ ಸೆಫಿನಾಳಿಗೆ ಇದೆಲ್ಲ ಹಿಡಿಸಲಿಲ್ಲ. ಒಂಬತ್ತು ಮಕ್ಕಳನ್ನು ಸಮೋವಾ ದ್ವೀಪದ ತನ್ನೂರಲ್ಲಿ ಸಾಕಿ, ಆಮೇಲೆ ಮಗನ ಜೊತೆ ಈ ದೇಶಕ್ಕೆ ಬಂದವಳು.

"ಹಿಟ್ಟು ಉರುಟೋಕೆ ಓದ್ಕಂಡು ಬಂದವ್ಳಾ ಅವ್ಳು? ಆ ಕೆಂಪು ಕೂದ್ಲೋಳು? ನಾನು ಹುಟ್ಟಿದಾಗಿಂದ ಉರುಟ್ತಾ ಇವ್ನಿ, ನಂಗ್ಯಾರು ಸಂಬಳ ಕೊಟ್ರು?"

"ಅತ್ತೆ, ಅವಳೇ ತಿನ್ನೋದು ಕಲೀಬೇಕು."

"ನನ್ನ ಕೈ ಇರೋವರ್ಗೂ ಮಗೀಗೆ ಕೈ ಯಾಕೆ ಬೇಕೇ?"

ಲೆಪೆಕಾ ಬೆನ್ನು ತಿರುಗಿಸಿದ್ದೇ ತಡ, ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ತುತ್ತು ಮಾಡಿ ತಿನ್ನಿಸುತ್ತಿದ್ದಳು. ಗುಂಡಿ ಹಾಕುತ್ತಿದ್ದಳು, ತಲೆ ಬಾಚುತ್ತಿದ್ದಳು, ತೊಳೆಯುತ್ತಿದ್ದಳು. ಪ್ರೀತಿಗೇನೂ ಕಮ್ಮಿ ಇರಲಿಲ್ಲ. ಆ ಪ್ರೀತಿಯನ್ನು ಬೇಡ ಎನ್ನಲು ಲೆಪೆಕಾಳಿಗೆ ಮೈಯಲ್ಲಿ ಕಸುವಿರಲಿಲ್ಲ.

ಇಂಥ ಮನೆಗೆ ಜಾನಿಸ್ ಬಂದದ್ದು. ಥೆರಪಿಗೆ ಹಣ ಕೊಡುವ ಸರ್ಕಾರಿ ಯೋಜನೆಯ ಆಫೀಸಿನವಳು. ಒಂದು ವರ್ಷ ಸಹಾಯ ಪಡೆದ ಮಗುವಿಗೆ ಇನ್ನೂ ಬೇಕೋ ಬೇಡವೋ ಎಂದು ನೋಡಿ ಹೇಳುವುದು ಅವಳ ಕೆಲಸ.

ಮನೆಗೆ ಅತಿಥಿ ಬರುತ್ತಾರೆಂದರೆ ಸಮೋವಾದವರ ಮನೆಯಲ್ಲಿ ಏನಾಗುತ್ತದೋ ಅದೇ ಆಯಿತು. ಹಿಂದಿನ ದಿನವೇ ಪರದೆ ಒಗೆದರು. ನೆಲ ತಿಕ್ಕಿದರು. ಓರೆ ಮೆತ್ತೆ, ದಪ್ಪ ಚಮಚ, ಹಿಟ್ಟಿನ ಡಬ್ಬಿ ಎಲ್ಲವನ್ನೂ ಸೆಫಿನಾ ಮಂಚದ ಕೆಳಗೆ ತಳ್ಳಿದಳು. ಬಂದವರ ಕಣ್ಣಿಗೆ ಆ ಸಾಮಾನು ಯಾಕೆ ಬೀಳಬೇಕು? ತೆಂಗಿನ ಹಾಲು ಹಾಕಿ ಕೆಸುವಿನೆಲೆ ಬೇಯಿಸಿದಳು. ಕೋಳಿ ಹಾಕಿ ಶಾವಿಗೆ ಮಾಡಿದಳು. ಪೆನಿನಾಳಿಗೆ ಚರ್ಚಿನ ಬಿಳಿ ಫ್ರಾಕು ತೊಡಿಸಿ, ಗುಂಡಿ ಹಾಕಿ, ತಲೆಗೆ ತೆಂಗಿನೆಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಳು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿದಳು.

"ತಲೆ ತಗ್ಗಿಸ್ಕಂಡು ಕೂತ್ಕೋ. ಕೈ ಮಡಿಲಾಗೆ ಇಟ್ಕೋ. ಅಲ್ಲಾಡಿಸ್ಬೇಡ ಮತ್ತೆ."

ಹಿರಿಯರ ಮುಂದೆ ಮಗು ಹಾಗೇ ಕೂರಬೇಕು. ಕೂತಳು.

ಜಾನಿಸ್ ಸೋಫಾದ ಮೇಲೆ ಕೂತು ಕೇಳಿದಳು: "ಬಟ್ಟೆ ತಾನೇ ಹಾಕ್ಕೊಳ್ತಾಳಾ?"

ಲೆಪೆಕಾ ಬಾಯಿ ತೆರೆಯುವ ಮೊದಲೇ ಸೆಫಿನಾ ನಕ್ಕಳು. "ಹಾಕ್ಕಂಡೇ ಕೂತವ್ಳಲ್ಲ ತಾಯಿ, ನೋಡಿ. ನಮ್ಮನೇಲಿ ಬಟ್ಟೆಯಿಲ್ದೆ ಯಾರಾನಾ ಕೂತದ್ದುಂಟಾ?"

"ಊಟ?"

"ಊಟಕ್ಕೇನು! ಹೊಟ್ಟೆ ತುಂಬಾ ತಿಂತಾಳೆ. ನೀವು ಹಾಕ್ಕಳಿ, ಇನ್ನೊಂಚೂರು ಹಾಕ್ಕಳಿ."

"ನಿಮಗೇನಾದ್ರೂ ಕಷ್ಟ ಅನ್ಸತ್ತಾ ಲೆಪೆಕಾ?"

ಈಗ ಹೇಳಬೇಕಿತ್ತು. ಅವಳಿಗೂ ಗೊತ್ತು. ಅತ್ತೆ ಕಣ್ಣು ಬಿಟ್ಟು ನೋಡುತ್ತಿದ್ದಳು. ಮಗಳು ತಲೆ ತಗ್ಗಿಸಿ ಕಿವಿಗೊಟ್ಟು ಕೂತಿದ್ದಳು. ತಟ್ಟೆ ಹಿಡಿದ ಅತಿಥಿಯ ಮುಂದೆ, ಕೇಳಿಸಿಕೊಳ್ಳುತ್ತಿರುವ ಮಗಳ ಮುಂದೆ, ಇವಳು ಕೈಲಾಗದವಳು, ಕಕ್ಕಸು ತೊಳೆದುಕೊಳ್ಳಲು ಬಾರದವಳು ಎಂದು ಯಾವ ತಾಯಿ ಹೇಳುತ್ತಾಳೆ? ಆ ಬೀದಿಯಲ್ಲಿ ಒಬ್ಬಳೂ ಹೇಳುವುದಿಲ್ಲ.

"ದೇವರ ದಯೆ. ಚೆನ್ನಾಗಿದಾಳೆ," ಎಂದಳು.

ಜಾನಿಸ್ ಎರಡು ಸಲ ಬಡಿಸಿಕೊಂಡು ತಿಂದಳು. ಅಡುಗೆಯನ್ನು ಹೊಗಳಿದಳು. ಉಳಿದದ್ದನ್ನು ಸೆಫಿನಾ ಡಬ್ಬಿಗೆ ಹಾಕಿ ಕಾರಿನವರೆಗೆ ಹೊತ್ತು ತಂದುಕೊಟ್ಟಳು. ಕೂತಷ್ಟು ಹೊತ್ತೂ ಮಗುವಿನ ಕೈ ಮಡಿಲು ಬಿಟ್ಟು ಅಲ್ಲಾಡಲೇ ಇಲ್ಲ. ಅದಕ್ಕೆ ಊಟವನ್ನೂ ಹಾಕಿರಲಿಲ್ಲ, ಅತಿಥಿ ಉಂಡ ಮೇಲೆ ತಾನೇ ಮಕ್ಕಳ ಊಟ. ಕೈ ನೋಡಲು ಬಂದವಳು ಕೈ ನೋಡದೆ ಹೋದಳು. ಎಷ್ಟು ಮನೆಗೆ ಹೋಗಿರಬೇಕು ಆ ಹೆಂಗಸು, ಎಷ್ಟು ತಟ್ಟೆ ಉಂಡಿರಬೇಕು! ಒಂದು ಮನೆಯಲ್ಲಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಚೆನ್ನಾಗಿದ್ದಾಳೆ ಎಂದರೆ ಆಫೀಸಿಗೂ ಅನುಕೂಲ.

ಥೆರಪಿ ನಿಂತ ಮೇಲೆ ಚಮಚವನ್ನೂ ಮೆತ್ತೆಯನ್ನೂ ವಾಪಸು ಕೇಳಿದರು. ಎರವಲು ಕೊಟ್ಟದ್ದಂತೆ. ತೆಗೆದುಕೊಂಡು ಹೋಗಲು ಬ್ರಿಜೆಟ್ಟೇ ಬಂದಳು. ಮುಖ ಎತ್ತಲಿಲ್ಲ.

"ಒಂದು ಚಮಚನಾದ್ರೂ ಬಿಡಮ್ಮ," ಎಂದಳು ಲೆಪೆಕಾ.

"ನನ್ನ ಕೈಲಿದ್ರೆ ಬಿಡ್ತಿದ್ದೆ. ಮೇಲ್ಮನವಿ ಹಾಕಿ. ನಾನು ಬರೆದುಕೊಡ್ತೀನಿ. ಆದ್ರೆ ಅವರು ಕರೆದಾಗ ನಾಚಿಕೆ ಬಿಡ್ಬೇಕು ಲೆಪೆಕಾ. ಅವಳ ಅತೀ ಕೆಟ್ಟ ದಿನ ಯಾವ್ದಿದೆ, ಅದನ್ನ ಹೇಳ್ಬೇಕು. ಒಳ್ಳೇದು ಒಂದೂ ಹೇಳ್ಬೇಡಿ. ಒಂದು ಹೇಳಿದ್ರೆ ಅದನ್ನೇ ಹಿಡ್ಕೊಂಡ್ಬಿಡ್ತಾರೆ."

"ಮಗು ಮುಂದೇನಾ?"

"ಮಗು ಬರ್ಲೇಬೇಕಂತೆ."

ಲೆಪೆಕಾ ಮನೆಯ ಚಮಚವೊಂದರ ಹಿಡಿಗೆ ಸೈಕಲ್ಲಿನ ಹಳೆಯ ರಬ್ಬರು ಸುತ್ತಿದಳು. ಅದು ದಪ್ಪವೇನೋ ಆಯಿತು, ಬಾಗಲಿಲ್ಲ. ಪೆನಿನಾ ಹಿಡಿದಳು, ಚೆಲ್ಲಿದಳು, ಬಿಟ್ಟಳು. ಕಲಿಸಲು ಕೂತರೆ ಲೆಪೆಕಾಳಿಗೆ ಕೂತಲ್ಲೇ ತೂಕಡಿಕೆ. ಕಾರ್ಖಾನೆಯಲ್ಲಿ ಸಾಲಿನ ವೇಗ ಹೆಚ್ಚಿಸಿದ್ದರು. ಕಲಿತದ್ದೆಲ್ಲ ಒಂದೊಂದಾಗಿ ಹಿಂದೆ ಹೋಯಿತು. ಅರ್ಧ ಬಟ್ಟಲು ಕಾಲು ಬಟ್ಟಲಾಯಿತು, ಆಮೇಲೆ ಒಂದೆರಡು ತುತ್ತು.

ಹೀಗಿರುವಾಗ ಒಂದು ದಿನ ಸೆಫಿನಾ ಸಕ್ಕರೆ ಕಾಯಿಲೆಯ ತಪಾಸಣೆಗೆ ಆಸ್ಪತ್ರೆಗೆ ಹೋದಳು. ಶಾಲೆಗೆ ರಜೆ. ಪಕ್ಕದ ಮನೆಯವಳಿಗೆ ಒಂದು ಕಣ್ಣಿಡು ಎಂದು ಹೇಳಿ, ಮೊಮ್ಮಗಳ ಮುಂದೆ ಅನ್ನ, ಮೀನು ಬಡಿಸಿಟ್ಟು ಬಸ್ಸು ಹತ್ತಿದಳು. ಬೇಗ ಬರುತ್ತೇನೆ ಅಂದುಕೊಂಡಿದ್ದಳು. ಆಸ್ಪತ್ರೆಯವರು ಸಂಜೆಯವರೆಗೆ ಕೂರಿಸಿಕೊಂಡರು. ಪಕ್ಕದವಳು ಬಾಗಿಲಲ್ಲಿ ಇಣುಕಿ, "ತಿನ್ನು ಮಗಾ" ಎಂದಳು. ಪೆನಿನಾ ಹೂಂ ಎಂದಳು. ಅವಳು ಹೋದಳು.

ಮುದುಕಿ ಬಂದು ನೋಡಿದರೆ ಮಗು ತಟ್ಟೆಯ ಮುಂದೆ ಇಟ್ಟ ಹಾಗೇ ಕೂತಿದೆ. ಅನ್ನ ಚಾಪೆಯ ಮೇಲೆ, ಫ್ರಾಕಿನ ಮೇಲೆ, ಕೂದಲಲ್ಲಿ. ಇರುವೆ ಮುತ್ತಿವೆ. ಹೊಟ್ಟೆಗೆ ಏನೂ ಹೋಗಿಲ್ಲ.

"ಯಾಕೆ ಮಗಾ ತಿನ್ಲಿಲ್ಲ?"

"ಕೈ ಬರ್ಲಿಲ್ಲ ಅಜ್ಜಿ. ನೀನೂ ಬರ್ಲಿಲ್ಲ."

ಸೆಫಿನಾ ಅವಳನ್ನು ತೊಳೆದು, ತಿನ್ನಿಸಿ, ಮಲಗಿಸಿದಳು. ಲೆಪೆಕಾ ಕೆಲಸದಿಂದ ಬಂದಾಗ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು.

"ನಾನು ಸತ್ತೋದ್ಮೇಲೆ ಇವ್ಳಿಗೆ ಯಾರೇ?" ಎಂದಳು.

ಲೆಪೆಕಾ ಬೂಟು ಬಿಚ್ಚಿದಳು.

"ಆ ಹೆಂಗಸ್ಗೆ ಸುಳ್ಳು ಹೇಳಿದ್ದು ನಾನು ತಾನೆ?"

"ಹೂಂ."

ಇನ್ನೊಂದು ದಿನವಾಗಿದ್ದರೆ ಲೆಪೆಕಾ ಸಮಾಧಾನ ಹೇಳುತ್ತಿದ್ದಳು. ನಾನೂ ಹೇಳಿದೆ ಬಿಡಿ ಅತ್ತೆ, ಎನ್ನುತ್ತಿದ್ದಳು. ಅವತ್ತು ಸಾಕಾಗಿತ್ತು. ಆ ಒಂದು ಹೂಂ ಮುದುಕಿಯ ಎದೆಗೆ ನಾಟಿತು. ಎದ್ದು ಹೋಗಿ ತನ್ನ ಮಂಚದ ಹಾಸಿಗೆ ಎತ್ತಿ, ಕೆಳಗಿದ್ದ ಚಾಪೆಯನ್ನು ಸವರಿ ನೋಡಿ, ಮತ್ತೆ ಹಾಸಿಗೆ ಮುಚ್ಚಿದಳು.

ಆ ಚಾಪೆಯ ವಿಷಯ ಹೇಳಬೇಕು. ಸೆಫಿನಾಳ ತಾಯಿ ಕೇದಗೆಯ ಎಲೆಯನ್ನು ಎಳೆಎಳೆ ಸೀಳಿ ಹೆಣೆದದ್ದು, ಬಟ್ಟೆಯಷ್ಟು ನುಣುಪು, ಅಂಚಿಗೆ ಕೆಂಪು ಗರಿ. ಅದು ಕೂರುವ ಚಾಪೆಯಲ್ಲ. ಅಂಥದರ ಮೇಲೆ ಯಾರೂ ಕೂರುವುದಿಲ್ಲ. ಮದುವೆಯಲ್ಲಿ ಕೊಡುತ್ತಾರೆ, ಸಾವಿನಲ್ಲಿ ಹೊದಿಸುತ್ತಾರೆ. ಇದನ್ನು ನನ್ನ ಹೆಣದ ಪೆಟ್ಟಿಗೆಯ ಮೇಲೆ ಹಾಕಿ ಎಂದು ಮುದುಕಿ ಮೊದಲೇ ಹೇಳಿಟ್ಟಿದ್ದಳು.

ಮೇಲ್ಮನವಿಗೆ ಕರೆ ಬಂತು. ಲೆಪೆಕಾ ಕಾರ್ಖಾನೆಯಲ್ಲಿ ಬೈಸಿಕೊಂಡು ರಜೆ ಪಡೆದಳು. ಹೊರಡುವಾಗ ಸೆಫಿನಾ ಬಿಳಿ ಬಟ್ಟೆಯುಟ್ಟು ಸಿದ್ಧವಾಗಿದ್ದಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಸುರುಳಿ, ಕೈಯಲ್ಲಿ ಬುತ್ತಿಯ ಚೀಲ. ಎಲ್ಲಿಗೆ ಹೋದರೂ ಬುತ್ತಿ ಕಟ್ಟುವವಳು ಅವಳು.

"ಅದೇನು ಅತ್ತೆ ಸುರುಳಿ?"

"ನಿಂಗ್ಯಾಕೆ? ನಡಿ, ಬಸ್ಸು ಹೋಗ್ತದೆ."

ಲೆಪೆಕಾ ಮಗಳ ಕೈ ಹಿಡಿದು ಹೊರಟಳು.

ಆಫೀಸಿನಲ್ಲಿ ಅದೇ ಜಾನಿಸ್. ನಗುತ್ತ ಕೈಕುಲುಕಿದಳು, ಅವತ್ತಿನ ಊಟ ಇನ್ನೂ ನೆನಪಿದೆ ಎಂದಳು. ಮುದುಕಿ ಹೊರಗೇ ಇರಲಿ, ಒಳಗೆ ತಾಯಿ ಮಗು ಸಾಕು ಎಂದಳು. ಗಾಜಿನ ಬಾಗಿಲ ಆಚೆ ಸೆಫಿನಾ ನಿಂತಳು. ಪೆನಿನಾಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಬೀಳಬಾರದೆಂದು ಅವಳು ಎರಡೂ ಬದಿ ಹಿಡಿದುಕೊಂಡಳು.

"ಹೇಳಿ ಲೆಪೆಕಾ. ಅವಳಿಗೆ ಏನೇನು ಬರಲ್ಲ?"

ಲೆಪೆಕಾ ನಾಚಿಕೆ ಬಿಟ್ಟಳು. ಬ್ರಿಜೆಟ್ ಹೇಳಿಕೊಟ್ಟ ಹಾಗೇ ಶುರು ಮಾಡಿದಳು. ಊಟ ಮಾಡಲು ಬರುವುದಿಲ್ಲ ಎಂದಳು. ಗುಂಡಿ ಹಾಕಲು ಬರುವುದಿಲ್ಲ, ಪೆನ್ಸಿಲು ಹಿಡಿಯಲು ಬರುವುದಿಲ್ಲ ಎಂದಳು. ಜಾನಿಸ್ ಕಂಪ್ಯೂಟರಿನಲ್ಲಿ ಟಕಟಕ ಬರೆದುಕೊಂಡಳು.

"ಇದು ಉಪಯೋಗಕ್ಕೆ ಬರತ್ತೆ. ಇನ್ನೂ ಹೇಳಿ."

ಬೀಳುತ್ತಾಳೆ ಎಂದಳು. ಶಾಲೆಯಲ್ಲಿ ಒದ್ದೆ ಮಾಡಿಕೊಳ್ಳುತ್ತಾಳೆ ಎಂದಳು. ಪ್ರತಿ ಮಾತಿಗೂ ಪೆನಿನಾಳ ತಲೆ ಇಷ್ಟಿಷ್ಟೇ ಕೆಳಗಿಳಿಯಿತು.

"ಕಕ್ಕಸಿಗೆ ಹೋದ್ರೆ?"

"ತೊಳ್ಕೊಳ್ಳಕ್ಕೆ..."

"ಅವ್ವಾ," ಎಂದಳು ಪೆನಿನಾ. "ಅದನ್ನ ಹೇಳ್ಬೇಡ."

ಕೋಣೆಯಲ್ಲಿ ಬರೆಯುವ ಸದ್ದು ಒಂದೇ. ಲೆಪೆಕಾಳಿಗೆ ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಕಾರ್ಖಾನೆಯಲ್ಲಿ ರೆಕ್ಕೆ ಕೀಲಿಂದ ಬಿಡುವಾಗ ಒಂದು ಸದ್ದು ಬರುತ್ತದೆ. ಆ ಸದ್ದು ಕಿವಿಯಲ್ಲಿ ಕೇಳಿಸಿತು.

"ಇನ್ನು ಹೇಳಲ್ಲ," ಎಂದಳು.

"ಹೇಳ್ದಿದ್ರೆ ನಾನು ಬರ್ಕೊಳ್ಳೋಕಾಗಲ್ವಲ್ಲ. ಹೋಗಲಿ, ನೋಡ್ಬಿಡೋಣ. ಪೆನಿನಾ, ಈ ಸ್ವೆಟರಿನ ಗುಂಡಿ ಹಾಕು ಮರಿ. ಅಮ್ಮಾ, ನೀವು ಸಹಾಯ ಮಾಡೋ ಹಾಗಿಲ್ಲ. ಕೈ ತೊಡೆ ಮೇಲಿಟ್ಕೊಳ್ಳಿ."

ಜಾನಿಸ್ ಮಡಿಲಿಗೆ ಹಾಕಿದ ಸ್ವೆಟರಿನ ಮೇಲಿನ ಗುಂಡಿಯನ್ನು ಪೆನಿನಾ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಜಾನಿಸ್ ಗಡಿಯಾರ ನೋಡಿದಳು. ಮಗುವಿನ ನಾಲಿಗೆ ತುಟಿಯಿಂದ ಹೊರಗೆ ಬಂತು, ಕಿವಿ ಕೆಂಪಗಾಯಿತು, ಹಣೆ ಬೆವರಿತು. ಗುಂಡಿ ತೂತಿನ ಪಕ್ಕಕ್ಕೇ ಹೋಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಅದು ಕಾಣದೆಯೂ ಹೋಯಿತು. ಲೆಪೆಕಾಳ ಕೈಗಳು ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿದ್ದವು. ಇದೇ ಕೈಗೆ ಕಾರ್ಖಾನೆಯಲ್ಲೂ ಯಾರೋ ಗಡಿಯಾರ ಹಿಡಿಯುತ್ತಾರೆ.

ಎದ್ದಳು. ಮಗಳನ್ನು ಕುರ್ಚಿಯಿಂದ ಇಳಿಸಿ ಸ್ವೆಟರು ಕಿತ್ತು ಮೇಜಿನ ಮೇಲಿಟ್ಟಳು.

"ಸಾಕು."

"ಲೆಪೆಕಾ, ಪರೀಕ್ಷೆ ಅರ್ಧಕ್ಕೆ ಬಿಟ್ರೆ ಮನೆಯವರು ಸಹಕರಿಸಲಿಲ್ಲ ಅಂತ ಬರೀಬೇಕಾಗತ್ತೆ."

"ಬರ್ಕಳಿ. ಚೆನ್ನಾಗವ್ಳೆ ಅಂದ್ರೆ ಕೊಡಲ್ಲ ಅಂತೀರಿ. ಇಲ್ಲ ಅಂದ್ರೆ ಮಗೀನ ಮುಂದೇನೇ ಅದರ ಮಾನ ತೆಗ್ಸ್ತೀರಿ. ಮಗಳ ಊಟಕ್ಕೆ ಒಂದು ಚಮಚ ಕೇಳಕ್ಕೆ ಬಂದೆ ನಾನು. ಅವಳನ್ನ ಬೆತ್ತಲೆ ನಿಲ್ಸಕ್ಕೆ ಬರ್ಲಿಲ್ಲ."

ಆಗ ಹೊರಗೆ ಗದ್ದಲ ಕೇಳಿಸಿತು. ಮೂವರೂ ಹೊರಗೆ ಬಂದರು.

ಗಾಜಿನ ಬಾಗಿಲ ಮುಂದೆ, ಬಿಸಿಲಲ್ಲಿ, ಕಾಂಕ್ರೀಟಿನ ಮೇಲೆ ಸೆಫಿನಾ ಕೂತಿದ್ದಳು. ತಲೆಯಿಂದ ಮಂಡಿಯವರೆಗೆ ಆ ನುಣುಪು ಚಾಪೆ ಹೊದ್ದು ಬಗ್ಗಿದ್ದಳು. ಮುಖ ಕಾಣಿಸುತ್ತಿರಲಿಲ್ಲ. ಕಾವಲಿನವನು ಏನು ಮಾಡುವುದೆಂದು ತಿಳಿಯದೆ ಸುತ್ತ ಓಡಾಡುತ್ತಿದ್ದ. ಒಳಗೆ ಬರುವವರು ಸುತ್ತಿ ಬರುತ್ತಿದ್ದರು.

ಸಮೋವಾದಲ್ಲಿ ದೊಡ್ಡ ತಪ್ಪು ಮಾಡಿದವರು ಹೀಗೆ ಕೂರುತ್ತಾರೆ. ಅನ್ಯಾಯಕ್ಕೆ ಒಳಗಾದವರ ಬಾಗಿಲಲ್ಲಿ, ಚಾಪೆ ಹೊದ್ದು, ಕುತ್ತಿಗೆ ಬಗ್ಗಿಸಿ. ಮನೆಯವರು ಬಂದು ತಮ್ಮ ಕೈಯಾರೆ ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತುವವರೆಗೆ ಕೂತಿರಬೇಕು. ಇದು ಕೊಲೆಯಂಥ ತಪ್ಪಿಗೆ ಊರಿನ ಯಜಮಾನರು ಮಾಡುವ ಕೆಲಸ. ಒಂದು ಸುಳ್ಳಿಗೆ ಒಬ್ಬಳು ಮುದುಕಿ ಒಂಟಿಯಾಗಿ ಕೂತದ್ದನ್ನು ಲೆಪೆಕಾ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

"ಹುಷಾರಿಲ್ವಾ ಅವರಿಗೆ? ಆಂಬುಲೆನ್ಸ್ ಕರೆಸ್ಲಾ?" ಜಾನಿಸ್ ಗಾಬರಿಯಾದಳು.

"ಹುಷಾರಾಗೇ ಅವ್ರೆ. ತಪ್ಪಾಯ್ತು ಅಂತವ್ರೆ. ನಿಮ್ಗೆ ಅವತ್ತು ಸುಳ್ಳು ಹೇಳಿದ್ರಂತೆ."

"ಅಯ್ಯೋ, ಅದಕ್ಕೇನಂತೆ. ನನಗೇನೂ ಬೇಜಾರಿಲ್ಲ. ಏಳೋಕೆ ಹೇಳಿ."

"ಹೇಳಿದ್ರೆ ಏಳಲ್ಲ. ನೀವು ಹೋಗಿ ಚಾಪೆ ಎತ್ಬೇಕು. ನಿಮ್ಮ ಕೈಯಾರೆ."

ಜಾನಿಸ್ ಒಂದು ಹೆಜ್ಜೆ ಮುಂದೆ ಬಂದಳು. ನಿಂತಳು. ಕಾವಲಿನವನ ಮುಖ ನೋಡಿದಳು.

"ಇಲ್ಲ, ನಮಗೆ ಹಾಗೆಲ್ಲ ಮಾಡೋಕೆ ಬರಲ್ಲ. ಇಲ್ಲಿಗೆ ಬರೋರನ್ನ ನಾವು ಮುಟ್ಟೋ ಹಾಗಿಲ್ಲ. ನಿಯಮ ಇದೆ."

ಮಾಡಿದ ಅಡುಗೆಯನ್ನು ಎರಡು ಸಲ ಬಡಿಸಿಕೊಳ್ಳುವಾಗ ಯಾವ ನಿಯಮ ಇತ್ತೋ! ಬಿಸಿಲು ಕಾಂಕ್ರೀಟನ್ನು ಕಾಯಿಸುತ್ತಿತ್ತು. ಚಾಪೆಯ ಒಳಗೆ ಮುದುಕಿಯ ಉಸಿರು ಏರಿಳಿಯುವುದು ಕಾಣುತ್ತಿತ್ತು. ಲೆಪೆಕಾ ತಾನೇ ಎತ್ತಲು ಬಗ್ಗಿದಳು. ಅಷ್ಟರಲ್ಲಿ ಪೆನಿನಾ ಅವಳ ಕೈ ಬಿಡಿಸಿಕೊಂಡು ಮುಂದೆ ಹೋಗಿದ್ದಳು.

ಎಡವಿ ಮಂಡಿಯೂರಿದಳು. ಎದ್ದಳು. ಚಾಪೆಯ ಅಂಚು ಹಿಡಿದಳು, ನುಣುಪಿಗೆ ಬೆರಳು ಜಾರಿತು. ಗರಿ ಕೈಗೆ ಬಂತು. ಮತ್ತೆ ಹಿಡಿದಳು. ಈ ಸಲ ಎರಡೂ ಮುಷ್ಟಿಯಲ್ಲಿ ಸಿಕ್ಕಷ್ಟು ಮುದುರಿಕೊಂಡು, ಎದೆಗೆ ಒತ್ತಿಕೊಂಡು, ಹಿಂದಕ್ಕೆ ವಾಲಿದಳು. ಯಾರೂ ಅವಳಿಗೆ ಹೊತ್ತು ಗೊತ್ತುಮಾಡಿರಲಿಲ್ಲ. ಚಾಪೆ ಸರಿಯಿತು, ಮತ್ತಷ್ಟು ಸರಿಯಿತು, ಕೊನೆಗೆ ಮಗುವಿನ ಮೇಲೇ ಬಿತ್ತು. ಒಳಗಿಂದ ಅಜ್ಜಿಯ ಬೆವರಿದ ಮುಖ ಹೊರಗೆ ಬಂತು.

"ಅಜ್ಜಿ, ಸೆಖೆ ಆಗ್ತಿಲ್ವಾ ನಿಂಗೆ?"

ಸೆಫಿನಾ ಮೊಮ್ಮಗಳನ್ನು ತಬ್ಬಿ ಹೋ ಎಂದು ಅತ್ತಳು. ಅನ್ಯಾಯವಾದದ್ದು ಯಾರಿಗೋ ಅವರೇ ಬಂದು ಚಾಪೆ ಎತ್ತಿದ್ದರು.

ಹಿಂದಿನಿಂದ ಜಾನಿಸ್ ಹೇಳಿದಳು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ನೋಡಿ, ಎರಡೂ ಕೈಯಲ್ಲಿ ಎಷ್ಟು ಚೆನ್ನಾಗಿ ಹಿಡಿದ್ಲು! ಹಿಡಿತ ಪರವಾಗಿಲ್ಲ ಅವಳದ್ದು. ಇದನ್ನ ನಾನು ಬರ್ಕೋಬೇಕಾಗತ್ತೆ."

ಲೆಪೆಕಾ ತಿರುಗಿದಳು. ಕೂಗಾಡಲಿಲ್ಲ. ಕೂಗಾಡಲು ಮೈಯಲ್ಲಿ ಏನೂ ಉಳಿದಿರಲಿಲ್ಲ.

"ಬರ್ಕೋ. ಜೊತೆಗೆ ಇನ್ನೊಂದೂ ಬರ್ಕೋ. ನಿಂಗೆ ಎರಡು ಒಳ್ಳೆ ಕೈ ಇದ್ವು. ನೀನು ಎತ್ಲಿಲ್ಲ."

ಜಾನಿಸ್‌ಳ ಮುಖ ಕೆಂಪಾಯಿತು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು.

ಸೆಫಿನಾ ಮೂಗು ಒರೆಸಿಕೊಂಡಳು. ಸುತ್ತ ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ಊರಿನಲ್ಲಿ ಯಾರಾದರೂ ಕಂಡಿದ್ದರೆ ಬಾಯಿಯ ಮೇಲೆ ಕೈಯಿಡುತ್ತಿದ್ದರು. ತನ್ನ ಪೆಟ್ಟಿಗೆಗೆಂದು ಎತ್ತಿಟ್ಟಿದ್ದ ಆ ಚಾಪೆಯನ್ನು ಆಫೀಸಿನ ಬಾಗಿಲ ಮುಂದೆ ಅಗಲವಾಗಿ ಹಾಸಿದಳು. ತನ್ನ ತಾಯಿ ಹೆಣೆದ ಚಾಪೆ, ಯಾರೂ ಕೂರದ ಚಾಪೆ.

"ಕೂತ್ಕೋ ಮಗಾ. ಹೊಟ್ಟೆ ಹಸಿದಿಲ್ವಾ?"

"ಅತ್ತೆ, ಚಾಪೆ!"

"ಇರ್ಲಿ ಸುಮ್ಕಿರೇ. ಸತ್ತೋರಿಗೆ ಹೊದ್ಸಿ ಏನಾಗ್ಬೇಕು?"

ಬುತ್ತಿ ಬಿಚ್ಚಿದಳು. ಅನ್ನ, ಮೀನು, ತೆಂಗಿನ ಹಾಲಿನ ಕೆಸುವಿನೆಲೆ. ರಬ್ಬರು ಸುತ್ತಿದ ಚಮಚವನ್ನು ಪೆನಿನಾಳ ಕೈಗೆ ಕೊಟ್ಟಳು. ಅತಿಥಿಗೆ ಬಡಿಸಲಿಲ್ಲ. ಮೊದಲ ಸಲ ಆ ಮುದುಕಿ ನಿಂತವರನ್ನು ಊಟಕ್ಕೆ ಬನ್ನಿ ಎಂದು ಕರೆಯಲೂ ಇಲ್ಲ.

ಪೆನಿನಾ ಚಮಚ ತುಂಬಿದಳು. ದಾರಿಯಲ್ಲೇ ಅರ್ಧ ಚೆಲ್ಲಿತು. ಬಿಳಿ ಚಾಪೆಯ ಮೇಲೆ ಹಾಲು ಹರಿಯಿತು. ಉಳಿದದ್ದು ಕೆನ್ನೆಗೆ ಬಡಿದು, ಬಾಯಿ ಹುಡುಕಿ, ಸೇರಿತು. ಸೆಫಿನಾಳ ಕೈ ತಂತಾನೇ ಚಾಚಿತು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತಳು.

ಕಾವಲಿನವನು ಬಂದು ನಿಂತ. "ಅಮ್ಮಾ, ಬಾಗಿಲಿಗೆ ಅಡ್ಡ ಆಗತ್ತೆ. ಇಲ್ಲಿ ಕೂರೋ ಹಾಗಿಲ್ಲ. ಯಾವಾಗ ಏಳ್ತೀರಾ?"

ಲೆಪೆಕಾಳೂ ಮಗಳ ಪಕ್ಕ ಚಾಪೆಯ ಮೇಲೆ ಕೂತಳು. ಕಾಲು ಚಾಚಿದಳು. ಎಷ್ಟೋ ದಿನದ ಮೇಲೆ ಹಗಲು ಹೊತ್ತಿನಲ್ಲಿ ಕೂತಿದ್ದಳು. ಗಾಜಿನ ಆಚೆ ಜಾನಿಸ್ ನಿಂತು ಮಗುವಿನ ಕೈಯನ್ನೇ ನೋಡುತ್ತಿದ್ದಳು. ನೋಡಲಿ. ಇದು ಪರೀಕ್ಷೆಯಲ್ಲ, ಊಟ.

"ಇವಳ ಊಟ ಮುಗಿದ್ಮೇಲೆ ಏಳ್ತೀವಿ," ಎಂದಳು. "ಆದ್ರೆ ಹೊತ್ತಾಗ್ತದಪ್ಪ. ಅದನ್ನ ಹೇಳಕ್ಕೇ ನಾವು ಬಂದದ್ದು."